ಕೃತಿಕಾ ಸ್ಟಾರ್ಟ್ ಮಾಡಿದ ವಿಮಾನ

ಆ ಹಳೆಯ ತರಬೇತಿ ವಿಮಾನ ರೆಕ್ಕೆ ಬಿಚ್ಚಿಸಿಕೊಂಡು ಲಾರಿಯ ಮೇಲೆ ಊರಂಚಿನ ಶಿರಾ ಗೇಟ್ ದಾಟಿದಾಗ ಜನ ಗಾಡಿ ನಿಲ್ಲಿಸಿ ನೋಡಿದ್ದರು. ಎಂಜಿನಿಯರಿಂಗ್ ಕಾಲೇಜಿನ ಶೆಡ್ಡು ಸೇರಿದ ಮೇಲೆ ಮಾತ್ರ ಯಾರೂ ಅದರತ್ತ ತಿರುಗಲಿಲ್ಲ. ಎಂಜಿನ್ ಸತ್ತೇ ಹೋಗಿದೆ ಎಂದುಕೊಂಡಿದ್ದರು.

2004ರಲ್ಲಿ ಹುಲಿಯೂರುದುರ್ಗದ ಕೃತಿಕಾ ಲೆಕ್ಚರರ್ ಆಗಿ ಬಂದಳು. ವಿಮಾನ ರಿಪೇರಿಯನ್ನೇ ಓದಿದವಳು. ಲ್ಯಾಬ್ ಸಹಾಯಕ ಕನಕರಾಜುವಿನ ಜೊತೆ ತಿಂಗಳುಗಟ್ಟಲೆ ಕೂತು ಎಂಜಿನ್ ಬಿಚ್ಚಿ, ತೊಳೆದು, ಜೋಡಿಸಿದಳು.

ಡಿಸೆಂಬರಿನ ಒಂದು ಬೆಳಿಗ್ಗೆ ಕಾಲೇಜಿನವರೆಲ್ಲ ನೋಡುತ್ತಿದ್ದಂತೆ ವಿಮಾನವನ್ನು ಬಯಲಿಗೆ ತಂದು, ಚಕ್ರಗಳಿಗೆ ಮರದ ತುಂಡು ಅಡ್ಡ ಕೊಟ್ಟು, ಬಾಲಕ್ಕೆ ಸರಪಳಿ ಬಿಗಿದರು. ಚಳಿಗೆ ತಣ್ಣಗಾದ ಎಂಜಿನ್‌ಗೆ ಮೊದಲು ಪ್ರೈಮರ್ ಎಂಬ ಕೈಪಂಪು ಒತ್ತಿ ಒಂದಿಷ್ಟು ಪೆಟ್ರೋಲ್ ಉಣಿಸಬೇಕು. ಪೈಲಟ್ ಸೀಟಿನಲ್ಲಿ ಕೂತ ಕೃತಿಕಾ ಉಣಿಸಿ ಸ್ಟಾರ್ಟರ್ ತಿರುಗಿಸಿದಳು. ಎಂಜಿನ್ ಕೆಮ್ಮಿ ಸುಮ್ಮನಾಯಿತು.

"ಇನ್ನೊಂದ್ಸಲ ಒತ್ತಮ್ಮ, ಎಲ್ರೂ ಕಾಯ್ತಾ ಇದಾರೆ," ಎಂದರು ಪ್ರಿನ್ಸಿಪಾಲ್ ಸೀತಾರಾಮಯ್ಯ.

ಬೇಡವೆನಿಸಿದರೂ ಒತ್ತಿದಳು. ಹೆಚ್ಚಾದ ಪೆಟ್ರೋಲ್ ಕಾರ್ಬ್ಯುರೇಟರಿಗೆ ಇಳಿಯಿತು. ಸ್ಟಾರ್ಟರ್ ತಿರುಗಿಸುತ್ತಿದ್ದಂತೆ ಎಂಜಿನ್ ಢಬ್ಬೆಂದು, ಮೂತಿಯ ಕೆಳಗೆ ಬೆಂಕಿ ಕಾಣಿಸಿತು.

"ಬೆಂಕಿ ಮೇಡಂ! ಇಳ್ದು ಬನ್ನಿ!" ಎನ್ನುತ್ತಾ ಕನಕರಾಜು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನೇರ ಪ್ರೊಪೆಲ್ಲರ್ ಕಡೆಗೇ ಓಡಿದ.

"ಮುಂದೆ ಬರ್ಬೇಡಿ! ಪಕ್ಕಕ್ಕೆ ನಿಲ್ಲಿ!" ಎಂದು ಕೃತಿಕಾ ಕೂಗಿದಳು.

ಅವಳು ಇಳಿಯಲಿಲ್ಲ. ಪೆಟ್ರೋಲ್ ಬಂದ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಸ್ಟಾರ್ಟರ್ ಬಿಡದೆ ತಿರುಗಿಸಿದಳು. ತಿರುಗುವ ಎಂಜಿನ್ ಉರಿಯನ್ನು ತನ್ನೊಳಗೇ ಎಳೆದುಕೊಂಡಿತು. ಬೆಂಕಿ ಆರಿತು.

"ಸಾಕಮ್ಮ, ಬಿಟ್ಬಿಡೋಣ ಇದನ್ನ," ಎಂದರು ಸೀತಾರಾಮಯ್ಯ.

"ಬಿಡಲ್ಲ ಸರ್. ಪೂರ್ತಿ ಚೆಕ್ ಮಾಡಿ ಮತ್ತೆ ಕೂರ್ತೀನಿ. ಆದ್ರೆ ಆವತ್ತು ಯಾರೂ ನಂಗೆ ಅವಸರ ಮಾಡ್ಬಾರ್ದು."

ಸುಟ್ಟ ಏರ್ ಫಿಲ್ಟರಿನ ಜಾಗಕ್ಕೆ ಹೊಸದು ಬಂತು, ಪೈಪುಗಳನ್ನೆಲ್ಲ ಒಂದೊಂದಾಗಿ ನೋಡಿದ್ದಾಯಿತು. ಮುಂದಿನ ವಾರ ಮತ್ತೆ ಬಯಲು ತುಂಬಿತು. ಈ ಸಲ ಅವಳು ಎಷ್ಟು ಬೇಕೋ ಅಷ್ಟೇ ಪೆಟ್ರೋಲ್ ಉಣಿಸಿ, ಪ್ರೈಮರ್ ತಿರುಗಿಸಿ ಲಾಕ್ ಮಾಡಿ, ಸುತ್ತಲೂ ಕಣ್ಣಾಡಿಸಿದಳು. ಸೀತಾರಾಮಯ್ಯ ಜನರನ್ನು ತಡೆಯಲು ಕಟ್ಟಿದ ಹಗ್ಗದಾಚೆ ಬಾಯಿ ಬಿಗಿದು ನಿಂತಿದ್ದರು.

"ಪ್ರೊಪೆಲ್ಲರ್ ಹತ್ರ ಯಾರೂ ಇಲ್ವಾ?"

"ಯಾರೂ ಇಲ್ಲ ಮೇಡಂ! ಸ್ಟಾರ್ಟ್ ಹೊಡೀರಿ!" ಎಂದು ಕನಕರಾಜು ಕೂಗಿದ.

ಪ್ರೊಪೆಲ್ಲರ್ ಎರಡು ಸುತ್ತು ಸೋಮಾರಿಯಂತೆ ತಿರುಗಿತು. ಆಮೇಲೆ ಒಮ್ಮೆಲೇ ಗುಡುಗಿ, ಕಣ್ಣಿಗೆ ಕಾಣದಷ್ಟು ವೇಗ ಹಿಡಿಯಿತು. ಕೃತಿಕಾ ಆಯಿಲ್ ಪ್ರೆಷರಿನ ಮುಳ್ಳನ್ನೇ ನೋಡಿದಳು. ಅದು ನಡುಗುತ್ತ ಏರಿ ಹಸಿರು ಗೆರೆಯಲ್ಲಿ ನಿಂತ ಮೇಲೆಯೇ ತಲೆ ಎತ್ತಿದಳು. ಹುಡುಗರ ಕೇಕೆ ಎಂಜಿನ್ ಸದ್ದನ್ನೂ ಮೀರಿತ್ತು. ಸೀತಾರಾಮಯ್ಯ ಹಾರಿಹೋಗುತ್ತಿದ್ದ ಟೋಪಿಯನ್ನೂ ಲೆಕ್ಕಿಸದೆ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟುತ್ತಿದ್ದರು.