ಸಣ್ಣ ಸದ್ದು

ಮಳೆಗಾಲ ಮುಗಿದು ಹೂವಿನ ಕಾಲ ಶುರುವಾಗಿತ್ತು. ರಾತ್ರಿಯೆಲ್ಲ ಲಾರಿಯಲ್ಲಿ ಬಂದ ಜೇನುಪೆಟ್ಟಿಗೆಗಳನ್ನು ಮಗ, ಸೊಸೆ ಇಬ್ಬರೂ ಸೂರ್ಯಕಾಂತಿ ಹೊಲದ ಬದುವಿನುದ್ದಕ್ಕೂ ಇಳಿಸುತ್ತಿದ್ದರು. ಬೆಂಕಿ ಅಜ್ಜಿ ಮಾತ್ರ ಅತ್ತ ತಿರುಗಿಯೂ ನೋಡದೆ, ಬೇಲಿಯಾಚೆಯ ಒಣಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು, ತೊಗಟೆಯ ಒಳನಾರನ್ನು ಹಿಸಿದು ಕಿವಿಯ ಹತ್ತಿರ ಹಿಡಿದು ಹೊಸಕಿದಳು. ಒಂದು ಗಳಿಗೆ ತಡೆದು, ಎಸೆದುಬಿಟ್ಟಳು.

“ಒದ್ದೆ. ಇದೂ ಒದ್ದೆ.”

ಮೊಮ್ಮಗಳಿಗೆ ಇಬ್ಬರು ಅಜ್ಜಿಯರು. ಯಾರನ್ನು ಕರೆದರೆ ಯಾರು ಬರುತ್ತಾರೋ ಎಂದು ಅವಳೇ ಹೆಸರಿಟ್ಟಿದ್ದಳು. ಅಪ್ಪನ ತಾಯಿ ಬೆಂಕಿ ಅಜ್ಜಿ. ಅಮ್ಮನ ತಾಯಿ, ಹಳೆಯ ಹತ್ತಿಬಟ್ಟೆಯನ್ನು ಸುತ್ತಿ ಕರಗಿದ ಜೇನುಮೇಣದಲ್ಲಿ ಅದ್ದಿ ಉಂಡೆ ಮಾಡುವವಳು, ಮೇಣದಜ್ಜಿ. ಆ ಉಂಡೆಗೆ ಬೆಂಕಿಕಡ್ಡಿ ಸೋಕಿಸಿದರೆ ಸಾಕು, ಎಂಥ ಥಂಡಿಯಲ್ಲೂ ಹತ್ತಿಕೊಳ್ಳುತ್ತಿತ್ತು. ಬೆಂಕಿ ಅಜ್ಜಿಯ ಲೆಕ್ಕದಲ್ಲಿ ಅದು ಬೆಂಕಿಯೇ ಅಲ್ಲ, ಕಣ್ಕಟ್ಟು. ಬಯಲಲ್ಲಿ ಬಿಡಾರ ಹೂಡುವವರು ಬಯಲಲ್ಲಿ ಸಿಕ್ಕಿದ್ದರಿಂದಲೇ ಹೊತ್ತಿಸಬೇಕು: ಹಕ್ಕಿ ಬಿಟ್ಟುಹೋದ ಗೂಡು, ಮುಳ್ಳುಗಿಡದ ಒಣಗಿದ ಹೂ, ತೊಗಟೆಯ ನಾರು. ಆರಿಸುವುದು ಕಣ್ಣಿನ ಕೆಲಸವಲ್ಲ. ಒದ್ದೆ ನಾರೂ ಒಣಗಿದಂತೆಯೇ ಕಾಣುತ್ತದೆ. ಬೆಳಗಿನ ಚಳಿಗೆ ಮರಗಟ್ಟಿದ ಬೆರಳನ್ನೂ ನಂಬುವಂತಿಲ್ಲ. ಕಿವಿಯ ಹತ್ತಿರ ಹೊಸಕಿದಾಗ ಚುರುಚುರು ಅನ್ನಬೇಕು. ಅಂದರೆ ಒಂದೇ ಕಡ್ಡಿಗೆ ಹತ್ತುತ್ತದೆ.

ಈ ಸಲ ಯಾವುದೂ ಏನೂ ಅನ್ನುತ್ತಿರಲಿಲ್ಲ. ಹಿಂದಿನ ಬಿಡಾರದಲ್ಲಿ ಕೊನೆಕೊನೆಗೆ ಮೇಣದುಂಡೆಯೇ ಗತಿಯಾಗಿತ್ತು. ಮಗ ಅದನ್ನು ಗಮನಿಸಿದ್ದ. “ನಾಳೆಯಿಂದ ಮಗೂಗೆ ಸ್ಕೂಲು. ನಿಮ್ಮಿಬ್ಬರಲ್ಲಿ ಒಬ್ರು ಇದೇ ಲಾರೀಲಿ ಅವಳ ಜೊತೆ ವಾಪಸ್ ಹೋಗ್ಬೇಕು,” ಎಂದು ದಾರಿಯಲ್ಲೇ ಹೇಳಿಬಿಟ್ಟಿದ್ದ. “ಬೆಂಕಿ ಯಾರ ಕೈಲಾಗುತ್ತೋ ಅವರು ಇಲ್ಲಿರ್ಲಿ. ಹೊಗೆ ಹಾಕಿ ಹುಳ ಸುಮ್ಮನಾಗಿಸ್ದೆ ನಾನು ಪೆಟ್ಟಿಗೆ ತೆಗೆಯೋದಾದ್ರೂ ಹೇಗೆ?” ಮನೆಯೆಂದರೆ ಮೂರನೇ ಮಹಡಿಯ ಒಂದು ಕೋಣೆ, ಎದುರು ಕಟ್ಟಡದ ಗೋಡೆ ಕಾಣುವ ಒಂದು ಕಿಟಕಿ. ಬೆಂಕಿ ಅಜ್ಜಿಗೆ ಅಲ್ಲಿ ಹೊತ್ತಿಸಲು ಗ್ಯಾಸಿನ ಒಲೆ ಬಿಟ್ಟರೆ ಬೇರೇನೂ ಇರಲಿಲ್ಲ.

“ಏನ್ ಬೀಗಿತ್ತಿ, ಮರದ ಹತ್ರ ಗುಟ್ಟು ಕೇಳ್ತಿದ್ದೀರಾ?” ಮೇಣದಜ್ಜಿ ಮಡಿಲಲ್ಲಿ ಪುಳ್ಳೆ ತುಂಬಿಕೊಂಡು ಬಂದಳು.

“ನಿಮ್ಮ ಉಂಡೆ ಗುಟ್ಟಿಗಿಂತ ವಾಸಿ. ಎಷ್ಟು ಉಳಿದಿವೆ?”

“ಒಂದೂ ಇಲ್ಲ. ನಿಮ್ಮ ಒದ್ದೆ ಕಾಡನ್ನ ಹೊತ್ತಿಸೋದ್ರಲ್ಲೇ ಮುಗಿದ್ವು. ಹೊಸದು ಮಾಡೋಣ ಅಂದ್ರೆ ಮೇಣ ಕರಗ್ಸೋಕೂ ಬೆಂಕಿ ಬೇಕಲ್ಲ!” ನಗುತ್ತಲೇ ಬಗ್ಗಿ ನೆಲದ ಮೇಲಿನ ನಾರನ್ನೆತ್ತಿದಳು. “ಇದನ್ಯಾಕೆ ಬಿಸಾಕಿದ್ರಿ?”

“ಕಿವಿ ಇಲ್ವಾ ನಿಮಗೆ? ಹೊಸಕಿ ನೋಡಿ. ಒಂಚೂರಾದ್ರೂ ಸದ್ದು ಮಾಡುತ್ತಾ ಅದು?”

ಮೇಣದಜ್ಜಿ ಹೊಸಕಿದಳು. ಮುಖದ ನಗು ಹಾಗೇ ನಿಂತಿತು. ಇನ್ನೊಂದು ಎಳೆ ಎತ್ತಿ ಹೊಸಕಿದಳು. ಏನೋ ಹೇಳಹೋಗಿ, ಸುಮ್ಮನೆ ಪುಳ್ಳೆ ಜೋಡಿಸತೊಡಗಿದಳು.

“ಏನಂತು?”

“ಒದ್ದೆನೇ ಇರ್ಬಹುದು ಬಿಡಿ.”

ಮಕ್ಕಳ ಮದುವೆಯಾದಾಗಿನಿಂದ ಬೀಗಿತ್ತಿ ತನ್ನ ಮಾತಿಗೆ ಹೂಂ ಅಂದದ್ದು ಇದೇ ಮೊದಲು. ಬೆಂಕಿ ಅಜ್ಜಿಗೆ ಅದೇ ಚುಚ್ಚಿತು.

“ಇನ್ನೊಂದ್ಸಲ ಹೊಸಕಿ. ನಿಮ್ಮ ಕಿವಿ ಹತ್ರ.”

ಮೇಣದಜ್ಜಿ ಮನಸ್ಸಿಲ್ಲದ ಮನಸ್ಸಿನಿಂದ ಹೊಸಕಿದಳು. ಬೆರಳ ನಡುವೆ ನಾರು ಮುರಿದಾಗೆಲ್ಲ ಅವಳ ರೆಪ್ಪೆ ತುಸುವೇ ಅದುರುತ್ತಿತ್ತು. ಬೆಂಕಿ ಅಜ್ಜಿ ಆ ರೆಪ್ಪೆಯನ್ನೇ ನೋಡಿದಳು.

“ಚುರುಚುರು ಅಂತಿದೆಯಾ?”

“ಅಂತಿದೆ.”

“ಮಾತೆಲ್ಲ ಕೇಳುತ್ತಲ್ಲ ನಂಗೆ? ನಿಮ್ಮ ಕೊಂಕೂ ಕೇಳುತ್ತೆ.”

“ನನ್ನ ಗಂಟಲಿಗೇನು, ಸತ್ತೋರೂ ಎದ್ದು ಕೂರ್ತಾರೆ. ಇದು ಸಣ್ಣ ಸದ್ದು, ಬೀಗಿತ್ತಿ.”

ಬೆಂಕಿ ಅಜ್ಜಿ ಸುತ್ತಲೂ ಬಿದ್ದಿದ್ದ ನಾರನ್ನು ನೋಡಿದಳು. ತಿಂಗಳಿಂದ ಕಾಡನ್ನು ಬೈದಿದ್ದಳು, ಮೋಡವನ್ನು ಬೈದಿದ್ದಳು.

“ಮಗನಿಗೆ ಹೇಳ್ತೀರಾ?”

ಮೇಣದಜ್ಜಿ ಹೊಲದ ಕಡೆ ನೋಡಿದಳು. ಹೊಲದ ತುಂಬ ಹೂಗಳು ಆಗಷ್ಟೇ ಬೆಳಕಿಗೆ ಹಳದಿಯಾಗುತ್ತಿದ್ದವು. “ಹೇಳಿದ್ರೆ ನಾನಿಲ್ಲಿ ಉಳೀತೀನಿ. ನಂಗೂ ಆ ಗೋಡೆ ನೋಡಿ ನೋಡಿ ಸಾಕಾಗಿದೆ. ನಿಮ್ಮ ಹತ್ರ ಸುಳ್ಳ್ಯಾಕೆ...”

ಮಾತು ಅಲ್ಲಿಗೇ ಬಿಟ್ಟು ಲಾರಿಯ ಕಡೆ ತಿರುಗಿದಳು. “ಇಲ್ಲೇ ಇದೀವಿ ಪುಟ್ಟೀ! ಮಲ್ಕೋ!”

ಲಾರಿಯ ಮುಂದಿನ ಸೀಟಿನಲ್ಲಿ ಮಲಗಿದ್ದ ಮೊಮ್ಮಗಳು ಅರೆನಿದ್ದೆಯಲ್ಲಿ ಕರೆದಿದ್ದಳು. ಬೆಂಕಿ ಅಜ್ಜಿಗೆ ಏನೂ ಕೇಳಿಸಿರಲಿಲ್ಲ.

“ಯಾರನ್ನ ಕರೆದ್ಲು?”

ಮೇಣದಜ್ಜಿ ಪುಳ್ಳೆಯ ಧೂಳು ಕೊಡವಿದಳು. “ನಿಮ್ಮನ್ನ.”

ಎಸೆದ ನಾರನ್ನೆಲ್ಲ ಮೇಣದಜ್ಜಿಯೇ ಆಯ್ದು ತಂದು, ಮೂರು ಕಲ್ಲಿನ ನಡುವೆ ಗೂಡಿನಂತೆ ಒತ್ತಿಟ್ಟಳು. ಬೆಂಕಿ ಅಜ್ಜಿ ಕಡ್ಡಿ ಗೀರಿದಳು. ಒಂದೇ ಕಡ್ಡಿಗೆ ಹತ್ತಿತು.

ಮಗ ಹೊಗೆ ಡಬ್ಬಿ ಹಿಡಿದು ಬಂದ. “ನೋಡಿದ್ರಾ ಅತ್ತೆ, ಅಮ್ಮನ ಕೈಗುಣ! ಈ ಸಲ ನಂಗೇ ಅನುಮಾನ ಬಂದಿತ್ತು.”

“ಅದಕ್ಕೇ ಅವರು ಇಲ್ಲಿರ್ಲಿ ಬಿಡಪ್ಪ. ಮಗು ಜೊತೆ ನಾನು ಹೋಗ್ತೀನಿ. ರಾತ್ರಿ ಎದ್ದೆದ್ದು ಕರೀತಾಳೆ ಅವಳು.”

“ನಿಮಗೆ ಬೇಜಾರಿಲ್ಲ ತಾನೆ?”

“ಬೇಜಾರಿದ್ರೆ ನೀನೇನು ಗೋಡೆ ಕೆಡವಿಸ್ತೀಯಾ?”

ಅವನು ನಗುತ್ತ ಕೆಂಡವನ್ನು ಡಬ್ಬಿಗೆ ತುಂಬಿಕೊಂಡ.

“ಮಗಾ,” ಎಂದಳು ಬೆಂಕಿ ಅಜ್ಜಿ.

“ಏನಮ್ಮ?”

ಮೇಣದಜ್ಜಿ ಅಲ್ಲೇ ಬೆನ್ನು ತಿರುಗಿಸಿ ಚೀಲಕ್ಕೆ ಬಟ್ಟೆ ತುರುಕುತ್ತಿದ್ದಳು. ಅವಳ ಕೈ ನಿಂತಿತು.

“ಏನಿಲ್ಲ. ಹೋಗು, ಪೆಟ್ಟಿಗೆ ನೋಡ್ಕೋ.”

ಕೈ ಮತ್ತೆ ತುರುಕತೊಡಗಿತು.

ಬಿಸಿಲೇರುವ ಹೊತ್ತಿಗೆ ಲಾರಿ ಹೊರಟಿತು. ಮಗು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಏನೋ ಕೂಗಿತು. ಬಾಯಿ ಅಗಲವಾಗಿ ತೆರೆದದ್ದು ಕಂಡಿತು. “ಆಯ್ತು, ಆಯ್ತು!” ಎಂದು ಬೆಂಕಿ ಅಜ್ಜಿ ಜೋರಾಗಿ ತಲೆಯಾಡಿಸಿದಳು. ಮೇಣದಜ್ಜಿ ಮಗುವಿನ ಸೊಂಟ ಹಿಡಿದುಕೊಂಡು ನೇರ ಮುಂದೆ ನೋಡುತ್ತಿದ್ದಳು.

ರಸ್ತೆ ಖಾಲಿಯಾದ ಮೇಲೆ ಬೆಂಕಿ ಅಜ್ಜಿ ಒಲೆಯ ಮುಂದೆ ಬಂದು ಕುಳಿತು, ಒಂದು ಕಟ್ಟಿಗೆ ಒಡ್ಡಿದಳು. ಕಟ್ಟಿಗೆ ಬಿರಿದು ಕಿಡಿಯೊಂದು ಹಾರಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಸದ್ದಿರಲಿಲ್ಲ. ಒಂದೊಂದನ್ನೂ ಅದು ಆರಿ ಬೂದಿಯಾಗುವವರೆಗೂ ನೋಡುತ್ತ ಕುಳಿತಳು.