ವರ್ನಾ ಕೊಟ್ಟ ಹಾಟ್‌ಡಿಶ್

ನನ್ನ ಕಥೆಯನ್ನು ಯಾರೂ ಬಯ್ಯಲಿಲ್ಲ. ಅನುಮಾನ ಶುರುವಾದದ್ದೇ ಅಲ್ಲಿಂದ.

ಅಮೆರಿಕದ ಡುಲೂತ್ ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಶನಿವಾರ ಬೆಳಿಗ್ಗೆ ನಾವು ಕೆಲವರು ಬರೆದದ್ದನ್ನು ಹಂಚಿಕೊಂಡು ಓದುತ್ತೇವೆ. ತನ್ನ ಬರಹದ ಚರ್ಚೆ ನಡೆಯುವಾಗ ಬರೆದವನು ಬಾಯಿ ತೆರೆಯುವಂತಿಲ್ಲ ಎಂಬುದು ನಿಯಮ. ನನಗೆ ಅದು ಹಿತವಾಗಿತ್ತು. ಡಿಗ್ರಿ ಮುಗಿಸಿ ಬಂದರಿನ ಕಚೇರಿ ಸೇರಿದ್ದೆ. ಸರೋವರ ಹೆಪ್ಪುಗಟ್ಟಿ ಹಡಗುಗಳು ನಿಂತ ಚಳಿಗಾಲದಲ್ಲಿ ಹೊತ್ತು ಹೋಗದೆ ಬರೆಯತೊಡಗಿದೆ. ಈಗ ಬರೆಯದ ದಿನ ಊಟ ರುಚಿಸುವುದಿಲ್ಲ. ಆದರೆ ನನಗೆ ನಿಜವಾಗಿ ಬರೆಯಲು ಬರುತ್ತದೆಯೇ? ಅದನ್ನು ಬೇರೆಯವರೇ ಹೇಳಬೇಕಿತ್ತು.

ಹಿಂದೊಮ್ಮೆ ನಮ್ಮ ಗುಂಪಿನ ವರ್ನಾಳ ಪದ್ಯ ಓದಿ ಮುದುಕ ಓಡೆಲ್, "ಎಷ್ಟು ಸಲ ಬರ್ತಾನೆ ಮಾರಾಯ್ತಿ ಈ ಚಂದ್ರ? ಬೇರೆ ಕೆಲಸ ಇಲ್ವಾ ಅವನಿಗೆ?" ಎಂದಿದ್ದ.

ಚರ್ಚೆ ಮುಗಿದದ್ದೇ ತಡ, "ನಿನ್ನ ಕಥೇಲಿ ಬರೋ ಆ ನಾಯಿಗಿಂತ ವಾಸಿ," ಎಂದಿದ್ದಳು ವರ್ನಾ.

ಅದೇ ಓಡೆಲ್, ತಾಯಿ ಸಾಯುವ ನನ್ನ ಕಥೆಗೆ ಮಾತ್ರ ನೆಲ ನೋಡುತ್ತ "ಚೆನ್ನಾಗಿದೆ" ಎಂದ. ಹಿಂತಿರುಗಿ ಬಂದ ಪ್ರತಿಗಳಲ್ಲಿ ಒಂದು ಗೀಟೂ ಇರಲಿಲ್ಲ. ವರ್ನಾ ಕೊನೆಯಲ್ಲಿ 'ಧೈರ್ಯವಾಗಿರು' ಎಂದಷ್ಟೇ ಬರೆದಿದ್ದಳು. ಕಥೆಗೂ ಧೈರ್ಯಕ್ಕೂ ಏನು ಸಂಬಂಧ? ತಿದ್ದುವುದಕ್ಕೂ ಲಾಯಕ್ಕಿಲ್ಲ ಎಂದು ಮೊದಲೇ ಮಾತಾಡಿಕೊಂಡಿದ್ದರೇ?

ಮುಂದಿನ ಶನಿವಾರ ನಾನು ಒಳಗೆ ಕಾಲಿಟ್ಟೊಡನೆ ಮಾತು ನಿಂತಿತು. ವರ್ನಾ ಮುಚ್ಚಿದ ಪಾತ್ರೆಯೊಂದನ್ನು ನನ್ನ ಕೈಗಿಟ್ಟಳು. ಮಾಂಸ, ಆಲೂಗಡ್ಡೆ, ಚೀಸ್ ಹಾಕಿ ಬೇಯಿಸಿದ ಹಾಟ್‌ಡಿಶ್.

"ಬಿಸಿ ಮಾಡ್ಕೊಂಡು ತಿನ್ನಪ್ಪ. ಪಾತ್ರೆಗೆ ಅವಸರ ಇಲ್ಲ."

ನಮ್ಮ ಕಡೆ ಹೀಗೆ ಕೇಳದೆ ಹಾಟ್‌ಡಿಶ್ ಬಂತೆಂದರೆ ಆ ಮನೆಯಲ್ಲಿ ಸಾವಾಗಿದೆ ಎಂದರ್ಥ. ನನಗೆ ಗೊತ್ತಿಲ್ಲದ್ದು ಇವರಿಗೆ ಏನು ಗೊತ್ತಾಗಿದೆ? ಕಾರಿನ ಹತ್ತಿರ ಓಡಿ ಅಮ್ಮನಿಗೆ ಫೋನು ಮಾಡಿದೆ.

"ಏನೋ, ಬೆಳಿಗ್ಗೆ ಬೆಳಿಗ್ಗೆ? ಕಾರು ಗುದ್ದಿದ್ಯಾ?"

"ಇಲ್ಲಮ್ಮ. ನೀನು ಹುಷಾರಾಗಿದ್ದೀಯ ತಾನೆ?"

"ಯಾಕೆ? ನನ್ನ ಬಗ್ಗೆ ಯಾರೇನಂದ್ರು?"

ಪಾತ್ರೆ ಕೈಯಲ್ಲಿ ಇನ್ನೂ ಬೆಚ್ಚಗಿತ್ತು. ಕಥೆಯಲ್ಲಿ 'ನಾನು' ಎಂದು ಬರೆದದ್ದನ್ನು ಅವರು ನಾನೇ ಎಂದುಕೊಂಡಿದ್ದರು. ನಿಯಮದಂತೆ ಸುಮ್ಮನೆ ಕೂತದ್ದನ್ನು ದುಃಖವೆಂದುಕೊಂಡಿದ್ದರು. ಈಗಲೂ ಸುಮ್ಮನಿದ್ದರೆ ಆ ಹೊಗಳಿಕೆ ನನ್ನದಾಗಿಯೇ ಉಳಿಯುತ್ತದೆ. ಆದರೆ ಅದು ನನ್ನ ಬರವಣಿಗೆಗೋ, ಸತ್ತ ತಾಯಿಗೋ ಎಂದು ಎಂದಿಗೂ ತಿಳಿಯುವುದಿಲ್ಲ.

ಒಳಗೆ ಹೋಗಿ ಪಾತ್ರೆಯನ್ನು ಮೇಜಿನ ಮೇಲಿಟ್ಟೆ. "ಅದು ಬರೀ ಕಥೆ. ನಮ್ಮಮ್ಮ ಬದುಕಿದ್ದಾಳೆ. ಈಗಷ್ಟೆ ಬೈದಳು."

ವರ್ನಾ ಪಾತ್ರೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

"ನಾನು ಅತ್ತಿದ್ದೆ ಕಣೋ," ಎಂದ ಓಡೆಲ್. ದನಿಯಲ್ಲಿ ಸಿಟ್ಟಿತ್ತು. "ಕೊಡು ಇಲ್ಲಿ ಆ ಹಾಳೆ."

ಕೊಟ್ಟೆ. ಅವನು ಮೊದಲ ಪ್ಯಾರಾವನ್ನು ಪೂರ್ತಿ ಹೊಡೆದುಹಾಕಿದ. "ಸಾಯೋಳು ಇಷ್ಟು ಭಾಷಣ ಮಾಡ್ತಾಳಾ?" ಎಂದು ಎರಡನೆಯ ಪುಟವನ್ನೂ. ನಾನು ನಿಯಮದಂತೆ ಬಾಯಿ ಮುಚ್ಚಿ ಕೂತೆ. ತಾಯಿಯ ಒದ್ದೆ ಕೈಗವಸುಗಳು ಹೀಟರಿನ ಮೇಲೆ ಒಣಗುತ್ತಿದ್ದವು ಎಂಬ ಸಾಲಿನ ಬಳಿ ಅವನ ಪೆನ್ನು ನಿಂತಿತು. ತಲೆ ಎತ್ತಿ ನನ್ನನ್ನು ಅನುಮಾನದಿಂದ ನೋಡಿದ. ಆಮೇಲೆ ಆ ಸಾಲನ್ನು ಮುಟ್ಟದೆ ಮುಂದಕ್ಕೆ ಹೋದ.