ಸಣ್ಣ ಬೆಂಕಿಯ ದಿನ

“ಅಪ್ಪನ ಹೆಣ ಒಳಗೆ ಮಲಗಿದೆ, ಇವಳು ಅಂಗಳದಲ್ಲಿ ನಿಂತು ಗಾಳಿ ನೋಡ್ತಾಳೆ! ಏನನ್ನಬೇಕು ಇದಕ್ಕೆ?” ಎಂದ ಸೋದರಮಾವ. ಬಾಡಿಗೆಗೆ ತಂದ ಪ್ಲಾಸ್ಟಿಕ್ ಕುರ್ಚಿಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು; ಒಂದನ್ನು ಕಾಲಲ್ಲಿ ಅದುಮಿ ಇನ್ನೊಂದನ್ನು ಎಳೆಯುತ್ತಿದ್ದ.

ಮಗಳು ನಿಜಕ್ಕೂ ಗಾಳಿಯನ್ನೇ ನೋಡುತ್ತಿದ್ದಳು. ಬೇಲಿ ಪಕ್ಕ ಉದುರಿದ್ದ ಪೈನ್ ಮರದ ಸೂಜಿ ಎಲೆಗಳನ್ನು ಅಂಗೈಯಲ್ಲಿ ಹೊಸಕಿ, ಆ ಪುಡಿಯನ್ನು ಎದೆಮಟ್ಟದಿಂದ ಬಿಟ್ಟಳು. ಪುಡಿ ನೆಟ್ಟಗೆ ಬೀಳಲಿಲ್ಲ. ಯಾರೋ ಮೆಲ್ಲಗೆ ಊದಿದ ಹಾಗೆ ಊರ ಕಡೆಯಿಂದ ಗುಡ್ಡದ ಕಡೆಗೆ ಸರಿಯಿತು. ಇನ್ನೊಂದು ಎಲೆ ಎತ್ತಿಕೊಂಡು ಬಾಗಿಸಿದಳು. ಪಟ್ಟನೆ ಮುರಿಯಲೂ ಇಲ್ಲ, ಒದ್ದೆಯಾಗಿ ಬಳುಕಲೂ ಇಲ್ಲ. ಸ್ವಲ್ಪ ಬಾಗಿ, ಆಮೇಲೆ ಮುರಿಯಿತು.

“ಇಂಥ ದಿನ ಮತ್ತೆ ಸಿಗಲ್ಲ ಚಿಕ್ಕಪ್ಪ,” ಎಂದಳು.

ಚಿಕ್ಕಪ್ಪ ಅಂದರೆ ರಕ್ತಸಂಬಂಧವೇನಲ್ಲ. ಅವಳಪ್ಪನ ಜೊತೆ ಬೆನ್ನಿಗೆ ನೀರಿನ ಪಂಪು ಹೊತ್ತು ಕಾಡು ಸುತ್ತಿ ತಲೆ ನರೆತವನು. ಯಾರ ಮನೆಗೆ ಹೋದರೂ ಬಾಗಿಲಲ್ಲಿ ತಲೆ ತಗ್ಗಿಸಬೇಕಾದಷ್ಟು ಎತ್ತರ ಇದ್ದುದರಿಂದ ಎಲ್ಲರೂ ಅವನನ್ನು ಕುಳ್ಳ ಎನ್ನುತ್ತಿದ್ದರು.

“ಫಾರೆಸ್ಟ್ ಆಫೀಸಿಂದ ಫೋನ್ ಬಂದಿತ್ತು,” ಎಂದ ಕುಳ್ಳ, ದನಿ ತಗ್ಗಿಸಿ. “ನಾಳೆಯಿಂದ ಗಾಳಿ ತಿರುಗುತ್ತಂತೆ, ಗುಡ್ಡದಿಂದ ಊರಿಗೆ. ಗುಡ್ಡ ಸುಡೋ ಪರ್ಮಿಷನ್ ಇವತ್ತು ಸಂಜೆಗೆ ಮುಗಿಯುತ್ತೆ. ಇನ್ನು ಮುಂದಿನ ವರ್ಷವೇ. ನಾನೇನೂ ಹೇಳಲ್ಲಮ್ಮ. ನಮ್ಮೋರೆಲ್ಲ ಇಲ್ಲೇ ಇದಾರೆ, ಹೆಗಲು ಕೊಡೋಕೆ ಬಂದವರು. ಗಾಡೀಲಿ ಪಂಪೂ ಇದೆ. ಅದು ಯಾವಾಗ್ಲೂ ಇರುತ್ತೆ ಅನ್ನು.”

ಕಾಡು ಉಳಿಸೋದು ಅಂದರೆ ಬೆಂಕಿ ಬೀಳದ ಹಾಗೆ ಕಾಯೋದು ಅಂತ ಎಲ್ಲರೂ ತಿಳಿದಿರುತ್ತಾರೆ. ಪೈನ್ ಕಾಡಿನ ಮಟ್ಟಿಗೆ ಅದು ಅರ್ಧ ನಿಜ. ಎಲೆ ಉದುರಿ ಉದುರಿ ಮರದ ಬುಡದಲ್ಲಿ ಹಾಸಿಗೆಯ ಹಾಗೆ ಕೂರುತ್ತದೆ. ತಂಪಿನ ದಿನಗಳಲ್ಲಿ, ಮೊಣಕಾಲು ಮೀರದ ಬೆಂಕಿ ಹಚ್ಚಿ ಅದನ್ನು ನಾವೇ ಸುಟ್ಟು ತೆಗೆದರೆ, ಹಳೇ ಮರಗಳ ದಪ್ಪ ತೊಗಟೆಗೆ ಅದು ಕಚಗುಳಿ ಇಟ್ಟಷ್ಟೇ. ಬಿಟ್ಟರೆ, ಬೇಸಿಗೆಯಲ್ಲಿ ಒಂದು ಸಿಡಿಲೋ ಯಾರೋ ಎಸೆದ ಸಿಗರೇಟೋ ಸಾಕು. ಬೆಂಕಿ ಆ ಹಾಸಿಗೆಯಿಂದೆದ್ದು ಕೊಂಬೆ ಹತ್ತಿ ನೆತ್ತಿಗೇ ಹೋಗುತ್ತದೆ. ಮೊದಲನೆಯದಕ್ಕೆ ತಂಡದವರು ಸಣ್ಣ ಬೆಂಕಿ ಎನ್ನುತ್ತಿದ್ದರು, ಎರಡನೆಯದಕ್ಕೆ ದೊಡ್ಡ ಬೆಂಕಿ.

ಒಳಗೆ ಮಲಗಿದ್ದವನು ಜೀವಮಾನವೆಲ್ಲ ಸಣ್ಣ ಬೆಂಕಿ ಹಚ್ಚಿದ ಮೇಸ್ತ್ರಿ. ಊರಿಗೆಲ್ಲ ಹೊಗೆಯಣ್ಣ. ನಿವೃತ್ತಿಯಾದ ಮೇಲೆ ಮೇಸ್ತ್ರಿಕೆ ಮಗಳ ಪಾಲಿಗೆ ಬಂತು. ನಿನ್ನೆ ಊಟ ಮುಗಿಸಿ, “ಸ್ವಲ್ಪ ಅಡ್ಡಾಗ್ತೀನಿ, ಟೀ ಹೊತ್ತಿಗೆ ಎಬ್ಬಿಸು,” ಅಂದು ಮಲಗಿದವನು ಟೀ ಹೊತ್ತಿಗೆ ಏಳಲಿಲ್ಲ.

ಈಗ ಸುಡಬೇಕಾಗಿದ್ದದ್ದು ಮನೆಗಳ ಹಿಂದೆಯೇ ಏಳುವ ಗುಡ್ಡ. ಅಲ್ಲಿನ ಮರಗಳು ಆ ಸೀಮೆಯಲ್ಲೇ ಎಲ್ಲಕ್ಕಿಂತ ಹಳೆಯವು. ಸುತ್ತಲ ಕಾಡಿಗೆಲ್ಲ ಬೀಜ ಹೋಗುವುದು ಅಲ್ಲಿಂದ. ಒಂದು ವರ್ಷ ಮಳೆ, ಇನ್ನೊಂದು ವರ್ಷ ಪರ್ಮಿಷನ್ ಸಿಗದೆ, ಎಲೆ ಮೊಣಕಾಲಿಗೆ ಬಂದಿತ್ತು.

“ಎಷ್ಟೊತ್ತಿಗೆ ಹಚ್ಚಬೇಕು?” ಒಳಗಿನಿಂದ ಅಮ್ಮನ ದನಿ ಬಂತು. ಅವಳ ಕಿವಿ ಅಷ್ಟು ಚುರುಕು ಅಂತ ಯಾರೂ ಅಂದುಕೊಂಡಿರಲಿಲ್ಲ.

ಮಗಳು ಬಾಗಿಲಿಗೆ ಬಂದಳು. “ಮಧ್ಯಾಹ್ನ. ಇಬ್ಬನಿ ಆರಿದ ಮೇಲೆ. ಕತ್ತಲಾಗೋದ್ರೊಳಗೆ ಮುಗೀಬೇಕು.”

“ನಾಲ್ಕು ಗಂಟೆಗೆ ಮಣ್ಣು ಅಂತ ಎಲ್ರಿಗೂ ಹೇಳಿ ಆಗಿದೆ,” ಎಂದ ಮಾವ. “ಭಾವನ ಅಕ್ಕ ಬರಬೇಕು. ಬಸ್ಸಲ್ಲಿದಾರೆ ಪಾಪ.”

ಅಮ್ಮ ಶವಪೆಟ್ಟಿಗೆಯ ಪಕ್ಕದಿಂದ ಕದಲಲಿಲ್ಲ. “ಇವತ್ತು ಬೇಡ,” ಎಂದಳು.

“ಅಮ್ಮಾ, ಒಂದು ಮಾತು ಕೇಳು...”

“ಬೇಡ ಅಂದೆ. ಒಳ್ಳೇ ದಿನ ಬಂದಾಗೆಲ್ಲ ಇವರನ್ನ ಆ ಗುಡ್ಡಕ್ಕೇ ಕೊಟ್ಟಿದ್ದೀನಿ. ಇದೊಂದು ದಿನ ನನ್ನದು. ಇವತ್ತು ಇವರು ಎಲ್ಲೂ ಹೋಗಲ್ಲ, ಇವರ ಜನಾನೂ ಎಲ್ಲೂ ಹೋಗಲ್ಲ. ಎಲ್ರೂ ಸುಮ್ನೆ ಇಲ್ಲಿ ಕೂತಿರಲಿ.”

*

ಸಣ್ಣ ಬೆಂಕಿಗೆ ಒಳ್ಳೆಯದಾದ ದಿನಕ್ಕೂ ಆ ಮನೆಗೆ ಒಳ್ಳೆಯದಾದ ದಿನಕ್ಕೂ ಅದೇನು ನಂಟೋ, ಎರಡೂ ಒಟ್ಟೊಟ್ಟಿಗೇ ಬರುತ್ತಿದ್ದವು. ಸ್ವಂತ ಮದುವೆಗೆ ಹೊಗೆಯಣ್ಣ ಬಂದದ್ದು ಗುಡ್ಡದಿಂದ ನೇರವಾಗಿ, ಒಂದು ಹುಬ್ಬು ಸುಟ್ಟುಕೊಂಡು. ಫೋಟೋದವನು ಪುಣ್ಯಾತ್ಮ, ಆಮೇಲೆ ಪೆನ್ಸಿಲಿನಲ್ಲಿ ಹುಬ್ಬು ಬರೆದು ಕೊಟ್ಟ. ಅದು ಇನ್ನೊಂದಕ್ಕಿಂತ ಚೆನ್ನಾಗಿಯೇ ಬಂದಿತ್ತು. ಮಗಳು ಹುಟ್ಟಿದ ದಿನ ಆಸ್ಪತ್ರೆಯ ನರ್ಸಮ್ಮ, “ಮಗು ಮುಟ್ಟೋ ಮುಂಚೆ ಸ್ನಾನ ಮಾಡ್ಕೊಂಡು ಬನ್ನಿ, ಒಲೆ ಎದ್ದು ಬಂದ ಹಾಗಿದೀರಿ,” ಎಂದು ಆಚೆ ಕಳಿಸಿದ್ದಳು.

ಹೆಂಡತಿ ರೇಗಿದರೆ ಅವನದು ಒಂದೇ ಉತ್ತರ: “ಮರಕ್ಕೆ ಕ್ಯಾಲೆಂಡರ್ ಓದೋಕೆ ಬರಲ್ವೇ, ನಾನೇನು ಮಾಡ್ಲಿ?”

ಒಂದೇ ಒಂದು ಸಲ ಅವಳು ಹಟ ಹಿಡಿದಿದ್ದಳು. ತಮ್ಮನ ಮದುವೆ. “ನೀವು ಬರದಿದ್ರೆ ನಾನೂ ಹೋಗಲ್ಲ ರೀ. ಭಾವ ಎಲ್ಲಿ ಅಂತ ಎಲ್ರೂ ಕೇಳ್ತಾರೆ. ಏನಂತ ಹೇಳ್ಲಿ, ಕಸ ಸುಡೋಕೆ ಹೋಗಿದಾರೆ ಅಂತಲಾ?”

ಹೊಗೆಯಣ್ಣ ಅಂಗಳಕ್ಕೆ ಹೋಗಿ ಗಾಳಿ ನೋಡಿ ಬಂದ. ಇಸ್ತ್ರಿ ಅಂಗಿ ಹಾಕಿಕೊಂಡು, “ನಡಿ,” ಎಂದ. ಮೇಸ್ತ್ರಿ ಇಲ್ಲದೆ ಕಡ್ಡಿ ಗೀರುವ ಹಾಗಿಲ್ಲ. ತಂಡ ಮನೆಗೆ ಹೋಯಿತು. ಮದುವೆಯಲ್ಲಿ ಬಂದವರಿಗೆಲ್ಲ ನೀರು ಕೊಟ್ಟ, ಮುದುಕಿಯರ ಜೊತೆ ಹರಟಿದ, ಯಾರದೋ ಮಗುವನ್ನು ಹೆಗಲಿಗೇರಿಸಿ ಕುಣಿದ. ಭಾವ ಇಷ್ಟು ರಸಿಕ ಅಂತ ಗೊತ್ತೇ ಇರಲಿಲ್ಲ ಎಂದು ತಮ್ಮ ಇವತ್ತಿಗೂ ಹೇಳುವುದುಂಟು.

ಮಾರನೇ ದಿನ ಮಳೆ ಹಿಡಿಯಿತು. ಮಳೆ ಬಿಟ್ಟ ಮೇಲೆ ಒಂದೇ ಸಮನೆ ಬಿಸಿಲು. ಮದುವೆಯ ದಿನ ಸುಡಬೇಕಿದ್ದ ಮೂಡಣ ಗುಡ್ಡಕ್ಕೆ ಆ ಬೇಸಿಗೆ ದೊಡ್ಡ ಬೆಂಕಿ ಬಿತ್ತು.

ಹೊಗೆಯಣ್ಣ ಮನೆಗೆ ಬಂದಾಗ ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಕಪ್ಪು. ಬಚ್ಚಲಲ್ಲಿ ಬೆನ್ನುಜ್ಜುತ್ತ ಅವಳು ಕೇಳಿದಳು, “ಎಷ್ಟು ಮರ ಹೋಯ್ತು?”

“ಉಳಿದದ್ದು ಎಷ್ಟು ಅಂತ ಕೇಳು. ಬೇಗ ಹೇಳಿ ಮುಗಿಸ್ತೀನಿ.”

ನೀರು ಹೊಯ್ದಳು. ಅವನೇ ಅಂದ: “ಈ ವರ್ಷ ಮಳೆ ಹಂಗಾಯ್ತಲ್ಲ. ಸುಡೋಕೆ ಒಂದು ದಿನಾನೂ ಸಿಗಲಿಲ್ಲ.”

ಅವಳ ಕೈ ನಿಂತಿತು. ಒಂದು ದಿನ ಸಿಕ್ಕಿತ್ತು ಅಂತ ಅವನಿಗೂ ಗೊತ್ತು, ಅವಳಿಗೂ ಗೊತ್ತು. ಅವನು ಮತ್ತೆಂದೂ ಆ ಮಾತೆತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿ ಜಗಳವಾಡಿ ಮುಗಿಸಿಬಿಡಬಹುದಿತ್ತು.

*

ಮಗಳು ವಾದ ಮಾಡಲಿಲ್ಲ. “ಆಗಲ್ಲ ಅಂತ ಆಫೀಸಿಗೆ ಹೇಳ್ಬಿಡಿ ಚಿಕ್ಕಪ್ಪ,” ಎಂದು ಒಳಗೆ ಬಂದು ಅಮ್ಮನ ಪಕ್ಕ ನೆಲದ ಮೇಲೆ ಕೂತಳು. ಅಪ್ಪನ ಅಂಗಿಯ ಕಾಲರು ಮಡಚಿಕೊಂಡಿತ್ತು. ಸರಿ ಮಾಡಿದಳು.

“ಕೋಪಾನಾ?” ಎಂದಳು ಅಮ್ಮ.

“ಇಲ್ಲಮ್ಮ. ಇರಲಿ ಬಿಡು. ಈ ಸಲ ಮಳೆ ಬೇಗ ಬರುತ್ತಂತೆ. ಗುಡ್ಡಕ್ಕೇನೂ ಆಗಲ್ಲ.”

ಅಮ್ಮ ತಿರುಗಿ ಅವಳ ಮುಖವನ್ನೇ ನೋಡಿದಳು. “ಯಾರು ಹೇಳಿದ್ದು?”

“ಹವಾಮಾನದವರು.”

“ಕುಳ್ಳಾ, ಬಾರೋ ಇಲ್ಲಿ. ಮಳೆ ಬೇಗ ಬರುತ್ತೇನೋ?”

ಕುಳ್ಳ ಚಾವಣಿ ನೋಡಿದ. ಅವನಿಗೆ ಅದು ಹತ್ತಿರವೇ ಇತ್ತು. “ಬಂದ್ರೂ ಬರಬಹುದು ಅತ್ತಿಗೆ.”

“ಥೂ ನಿಮ್ಮ! ಸುಳ್ಳು ಹೇಳೋಕೂ ಬರಲ್ಲ ನಿಮಗ್ಯಾರಿಗೂ. ಏನಾದ್ರೂ ಮಳೆ ಮೇಲೆ ಹಾಕೋದೊಂದು ಕಲಿತಿದೀರಿ. ಇವರೂ ಹಿಂಗೇ ಅಂದಿದ್ರು. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು.” ಪೆಟ್ಟಿಗೆಯ ಅಂಚು ಹಿಡಿದು ಎದ್ದಳು. “ಇವರು ಅಂದಿದ್ದನ್ನ ಇಷ್ಟು ವರ್ಷ ಇಟ್ಕೊಂಡಿದೀನಿ. ನಿಂದೂ ಒಂದು ಇಟ್ಕೊಳ್ಳೋಕೆ ನನ್ನ ಹತ್ರ ಜಾಗ ಇಲ್ಲ ಮಗಳೇ.”

ಮಗಳಿಗೆ ಏನೂ ಅರ್ಥವಾಗಲಿಲ್ಲ. ಕುಳ್ಳನಿಗೆ ಆಗಿತ್ತು, ಅವನು ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಹೋದ.

“ತಮ್ಮಾ, ಗುಂಡಿ ತೋಡಿ ಆಗಿದೆಯಾ?”

“ಬೆಳಿಗ್ಗೇನೇ ಆಯ್ತಕ್ಕ. ಯಾಕೆ?”

“ಹಂಗಾದ್ರೆ ಈಗ್ಲೇ ಹೊರಡೋಣ.”

“ಅಕ್ಕಾ! ಜನ ಏನಂತಾರೆ? ಬಸ್ಸಲ್ಲಿರೋರಿಗೆ ಏನು ಹೇಳೋದು? ಹುಟ್ಟಿದಾಗಿಂದ ಎತ್ತಿ ಆಡಿಸಿದ ತಮ್ಮ, ಮುಖ ನೋಡೋದು ಬೇಡ್ವಾ?”

“ಫೋನ್ ಕೊಡು. ನಾನೇ ಹೇಳ್ತೀನಿ.”

ಬಸ್ಸಿನ ಗದ್ದಲದಲ್ಲಿ ಎರಡು ಸಲ ಹೇಳಬೇಕಾಯಿತು. ಎರಡನೇ ಸಲ ಹೇಳಿದ ಮೇಲೆ ಆ ಕಡೆ ಬರೀ ಇಂಜಿನ್ ಸದ್ದು. ಆಮೇಲೆ ಹೊಗೆಯಣ್ಣನ ಅಕ್ಕ ಅಂದಳು: “ಅವನು ಯಾವತ್ತು ಯಾರಿಗೆ ಕಾದಿದ್ದ? ಸ್ಕೂಲಿಗೂ ನನ್ನ ಬಿಟ್ಟೇ ಓಡ್ತಿದ್ದ ಮುಂಡೇದು.” ಮತ್ತೆ ಇಂಜಿನ್ ಸದ್ದು. “ಮುಖ ಒಂದು ನೋಡಬೇಕಿತ್ತು. ಹೋಗಲಿ, ಮುಗಿಸಿ. ನನಗೆ ಒಂದು ತುತ್ತು ಅನ್ನ ತೆಗೆದಿಟ್ಟಿರಿ.”

ಅಮ್ಮ ಫೋನನ್ನು ತಮ್ಮನ ಕೈಗೆ ಕೊಟ್ಟು, ಮೂಗೊರೆಸಿಕೊಂಡು, ಮಗಳಿಗೆ ಹೇಳಿದಳು: “ನಾನೂ ಬರ್ತೀನಿ ಗುಡ್ಡಕ್ಕೆ. ಇವತ್ತು ಮನೇಲಿ ಒಬ್ಬಳೇ ಕೂರೋಕಾಗಲ್ಲ ನಂಗೆ.”

ಗುಂಡಿಯ ಹತ್ತಿರ ಎಲ್ಲ ಸರಿಯಾಗಿಯೇ ನಡೆಯಿತು, ಒಂದನ್ನು ಬಿಟ್ಟು. ಪೆಟ್ಟಿಗೆ ಇಳಿಸಿ ಆಗಿತ್ತು. ಊರಿನ ಹಿರಿಯರೊಬ್ಬರು ಹೊಗೆಯಣ್ಣನ ಬಗ್ಗೆ ನಾಲ್ಕು ಮಾತಾಡುತ್ತಿದ್ದರು. ಮೂರನೆಯ ಮಾತಿನ ಹೊತ್ತಿಗೆ ಗಾಳಿ ಸ್ವಲ್ಪ ಜೋರಾಗಿ ಬೀಸಿತು, ಗುಡ್ಡದ ಮೇಲೆ ಪೈನ್ ಮರಗಳು ಸುಯ್ ಅಂದವು. ಅಷ್ಟೇ. ಹೆಗಲು ಕೊಟ್ಟು ಬಂದವರು, ಮಗಳು, ಕುಳ್ಳ, ಇಡೀ ತಂಡ ಒಟ್ಟಿಗೇ ಗುಂಡಿಗೆ ಬೆನ್ನು ಹಾಕಿ ನಿಂತು ಗುಡ್ಡದ ನೆತ್ತಿಯನ್ನು ನೋಡತೊಡಗಿತು. ಹಿರಿಯರು ಮಾತು ನಿಲ್ಲಿಸಿದರು. ತಮ್ಮ ಮಾತಿನಲ್ಲಿ ಏನು ತಪ್ಪಾಯಿತು ಎಂದು ಅವರಿಗೆ ಗೊತ್ತಾಗಲಿಲ್ಲ.

“ಏನ್ರಯ್ಯಾ ಇದು? ಸತ್ತವರಿಗೆ ಬೆನ್ನು ತೋರಿಸ್ತೀರಲ್ಲ!” ಎಂದು ಮಾವ ಪಿಸುದನಿಯಲ್ಲೇ ಕೂಗಿದ.

ಎಲ್ಲರೂ ದಡಬಡಿಸಿ ಇತ್ತ ತಿರುಗಿದರು. ಒಬ್ಬನ ಕಾಲು ಜಾರಿ ಹಿಡಿ ಮಣ್ಣು ಪೆಟ್ಟಿಗೆಯ ಮೇಲೆ ಬಿತ್ತು.

“ಬೈಬೇಡ ಅವರನ್ನ,” ಎಂದಳು ಅಮ್ಮ. “ಪೆಟ್ಟಿಗೆ ಒಳಗಿರೋರು ಎದ್ದಿದ್ರೆ ಎಲ್ರಿಗಿಂತ ಮೊದಲು ಅತ್ತ ತಿರುಗೋರು.” ಹಿರಿಯರ ಕಡೆ ನೋಡಿ, “ನೀವು ಹೇಳಿ ಅಣ್ಣ, ಚೆನ್ನಾಗಿ ಹೇಳ್ತಿದ್ರಿ,” ಎಂದಳು.

*

ಗುಡ್ಡದ ಬುಡದಲ್ಲಿ, ಕಾಡಿಗೂ ಊರಿನ ಒಣಹುಲ್ಲಿಗೂ ನಡುವೆ ಒಂದು ಮಣ್ಣುದಾರಿ. ತಂಡದವರು ಅದರುದ್ದಕ್ಕೂ ಕಸ ಬಾಚಿ, ಹಸಿ ಗೋಣಿಗಳನ್ನು ಅಲ್ಲಲ್ಲಿ ಇಟ್ಟಿದ್ದರು. ಬೆಂಕಿ ನೆತ್ತಿಯಿಂದ ಹಚ್ಚಿದ್ದು. ಗಾಳಿಗೆ ಎದುರಾಗಿ ನಿಧಾನಕ್ಕೆ ಕೆಳಗಿಳಿಯಬೇಕು, ದಾರಿಗೆ ಬಂದು ಸಾಯಬೇಕು. ಹೊಗೆ ಊರಿಗೆ ಬರದೆ ಗುಡ್ಡದ ಆಚೆಗೆ ಹೋಗುತ್ತಿತ್ತು. ಕುಳ್ಳ ದಾರಿಯಲ್ಲಿ ಒಂದು ಕುರ್ಚಿ ಹಾಕಿಕೊಟ್ಟು ಮೇಲೆ ಹೋಗಿದ್ದ. ಅಮ್ಮ ಅಲ್ಲಿ ಕೂತು ಬಹಳ ಹೊತ್ತಾಗಿತ್ತು.

ಇಳಿಹೊತ್ತಿಗೆ ಬೆಂಕಿ ಕಣ್ಣಿಗೆ ಬಿತ್ತು. ಮರಗಳ ಬುಡದಲ್ಲಿ ಕಿತ್ತಳೆ ಬಣ್ಣದ ಒಂದು ಗೆರೆ. ಪಾದದಷ್ಟು ಎತ್ತರ, ಎಲೆ ಜಾಸ್ತಿ ಇದ್ದಲ್ಲಿ ಮೊಣಕಾಲಿನಷ್ಟು. ಚಿಟಪಟ ಅನ್ನುತ್ತ, ಅವಸರವಿಲ್ಲದೆ ಬರುತ್ತಿತ್ತು. ಒಂದು ದಪ್ಪ ಮರದ ಬುಡ ಮುಟ್ಟಿ, ಅಲ್ಲಿ ಏನೂ ಸಿಗದೆ, ಎರಡಾಗಿ ಸುತ್ತಿಕೊಂಡು ಮುಂದೆ ಬಂತು.

ಮಗಳು ಮುಖವೆಲ್ಲ ಮಸಿ ಮಾಡಿಕೊಂಡು ಇಳಿದು ಬಂದಳು. “ನೀರು ಕುಡಿದ್ಯಾ?”

“ಕುಡಿದೆ. ಇಷ್ಟೇನಾ?”

“ಏನು?”

“ಬೆಂಕಿ. ಇಷ್ಟೇನಾ?”

“ಇಷ್ಟೇ. ಇಷ್ಟೇ ಇರಬೇಕು. ಇದಕ್ಕಿಂತ ಜಾಸ್ತಿಯಾದ್ರೆ ನಾನು ಕೆಲಸ ಕೆಡಿಸಿದೆ ಅಂತ ಅರ್ಥ.”

ಅಮ್ಮ ನಗತೊಡಗಿದಳು. ನಗು ನಿಲ್ಲದೆ ಕಣ್ಣಲ್ಲಿ ನೀರು ಬಂತು. “ಅಯ್ಯೋ ನನ್ನ ಕರ್ಮವೇ! ಹೊಗೆ ಇಷ್ಟಿದ್ರೆ ಬೆಂಕಿ ಎಷ್ಟಿರಬೇಕು ಅಂತ ಅಡುಗೆಮನೆ ಕಿಟಕೀಲಿ ನಿಂತು ಲೆಕ್ಕ ಹಾಕ್ತಿದ್ದೆ. ಈ ಮನುಷ್ಯ ಮರದೆತ್ತರದ ಬೆಂಕಿ ಮಧ್ಯೆ ಓಡಾಡ್ತಿದಾರೆ ಅಂತ. ಜೀವ ಕೈಲಿ ಹಿಡ್ಕೊಂಡು ಕೂತಿರ್ತಿದ್ದೆ. ಇದನ್ನ ನಾನು ಪೊರಕೇಲಿ ಗುಡಿಸಿಬಿಡ್ತೀನಿ!”

“ಅಪ್ಪ ಹೇಳಿರಲಿಲ್ವಾ?”

“ಎಲ್ಲಿ ಹೇಳ್ತಾರೆ? ನಾನು ಹೆದರ್ಕೊಂಡು ಬಿಸಿನೀರು ಕಾಯಿಸಿಟ್ಟು, ಬೆನ್ನುಜ್ಜಿ, ಊಟ ಹಾಕ್ತಿದ್ನಲ್ಲ.”

ಮಗಳೂ ನಕ್ಕಳು. ಮೇಲಿನಿಂದ ಕುಳ್ಳ ಸೀಟಿ ಊದಿದ. ಅವಳು ಎಣ್ಣೆ ಪಂಜು ಎತ್ತಿಕೊಂಡು, “ಇಲ್ಲೇ ಇರು, ಎಲ್ಲೂ ಹೋಗಬೇಡ,” ಎಂದಳು.

“ಎಲ್ಲಿಗೆ ಹೋಗ್ಲಿ? ಹೋಗು, ನಿನ್ನ ಕೆಲಸ ನೋಡು.”

ಮಗಳು ಮರಗಳ ನಡುವೆ ಹೊಗೆಯಲ್ಲಿ ಮರೆಯಾದಳು. ಅಷ್ಟರಲ್ಲಿ ಮೇಲಿನಿಂದ ಒಂದು ಪೈನ್ ಕಾಯಿ ಉರುಳಿಕೊಂಡು ಬಂತು. ಅದರ ಎಸಳು ಎಸಳಿನಲ್ಲೂ ಕೆಂಡ. ದಾರಿಯ ಅಂಚಿಗೆ ಬಡಿದು ಪುಟಿದು, ಕುರ್ಚಿಯ ಕಾಲಿನ ಪಕ್ಕದಲ್ಲೇ ಹಾದು, ಊರ ಕಡೆಯ ಒಣಹುಲ್ಲಿನಲ್ಲಿ ಹೋಗಿ ಕೂತಿತು. ಹುಲ್ಲಿನಿಂದ ದಾರದಷ್ಟು ಹೊಗೆ ಎದ್ದಿತು.

ಅಮ್ಮ ಅತ್ತ ಇತ್ತ ನೋಡಿದಳು. ಹತ್ತಿರ ಯಾರೂ ಇರಲಿಲ್ಲ. ಕೂಗಲಿಲ್ಲ. ಎದ್ದು, ಒಂದು ಹಸಿ ಗೋಣಿ ಎಳೆದು ತಂದು ಅದರ ಮೇಲೆ ಹಾಕಿ, ಎರಡೂ ಕಾಲಿನಿಂದ ನಿಂತಳು. ಚುಂಯ್ ಅಂದದ್ದು ನಿಂತ ಮೇಲೂ ಇನ್ನೊಂದಷ್ಟು ಹೊತ್ತು ನಿಂತೇ ಇದ್ದಳು. ಗೋಣಿ ಸರಿಸಿ, ಬಗ್ಗಿ, ಸುಟ್ಟ ಹುಲ್ಲನ್ನು ಅಂಗೈಯಿಂದ ಮುಟ್ಟಿ ನೋಡಿದಳು. ತಣ್ಣಗಿತ್ತು.

ಆಮೇಲೆ ಕುರ್ಚಿಯನ್ನು ಎತ್ತಿ ದಾರಿ ದಾಟಿಸಿ, ಹುಲ್ಲಿನ ಅಂಚಿನಲ್ಲಿ ಹಾಕಿಕೊಂಡು, ಗೋಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.